ಓದುಗನ ಬಾಗಿಲಿಗೆ ಲೇಖಕ

ಗ್ರಂಥವೊಂದು ಅಚ್ಚಾಗಿ ಹೊರಬಂದ ಮಾತ್ರಕ್ಕೆ ಗ್ರಂಥಕರ್ತನ ಕರ್ತವ್ಯವು ತೀರಿತೆಂದು ಭಾವಿಸುವವರು ನಮ್ಮಲ್ಲಿ ಹಲವರು. ಆದರೆ ಓದುಗನ ಕೈಸೇರದ ಪುಸ್ತಕವು ಕಾಗದದ ಕಟ್ಟೇ ಹೊರತು ಸಾಹಿತ್ಯವೆನಿಸಲಾರದು. 2011ರ ಜನಗಣತಿಯ ಮೇರೆಗೆ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು 4 ಕೋಟಿ 37 ಲಕ್ಷ ಮಂದಿ. ಇಷ್ಟು ದೊಡ್ಡ ಜನಸಮುದಾಯದ ನಡುವೆ ಕಥಾಸಂಕಲನವೊಂದನ್ನು ಸಾವಿರ ಪ್ರತಿ ಅಚ್ಚುಹಾಕಿಸುವುದು ವಾಡಿಕೆ. ಅವು ತೀರುವುದಕ್ಕೂ ಬಹುಕಾಲ ಕಾಯಬೇಕಾದ ಸ್ಥಿತಿ ಅನೇಕರದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಆದೇಶಕ್ಕಾಗಿ ಲೇಖಕನೂ ಪ್ರಕಾಶಕನೂ ದಾರಿ ನೋಡುತ್ತ ಕುಳಿತಿರುವಾಗ, ಓದುಗನೆಂಬವನು ಒಬ್ಬನಿದ್ದಾನೆಂಬುದೇ ಮರೆತುಹೋಗುತ್ತದೆ. ಇವರಿಬ್ಬರ ನಡುವೆ ಹಾಳುಬಿದ್ದಿರುವ ಹಾದಿಯನ್ನು ಇಂದಿನ ಸಾಮಾಜಿಕ ಜಾಲತಾಣಗಳು ಮತ್ತೆ ತೆರೆಯಬಲ್ಲವು. ಆದರೆ ಹೊಗಳಿಸಿಕೊಳ್ಳುವ ಆಸೆಯಿಂದ ಅಲ್ಲಿಗೆ ಹೋಗುವ ಲೇಖಕನಿಗಲ್ಲ, ಓದುಗನಿಗೆ ಏನನ್ನಾದರೂ ಕೊಡಲು ಹೋಗುವ ಲೇಖಕನಿಗೆ ಮಾತ್ರ ಆ ಹಾದಿ ತೆರೆಯುವುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಲೇಖಕನು ತಾನಾಗಿ ಓದುಗನನ್ನು ಅರಸಿಕೊಂಡು ಹೋಗುವುದು ಅವನ ಘನತೆಗೆ ಕುಂದೆಂದು ಮೂಗುಮುರಿಯುವವರುಂಟು. ಅಂಥವರು ಗಳಗನಾಥರನ್ನು ನೆನೆಯಬೇಕು. 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಕಾದಂಬರಿಗಳನ್ನು ಬರೆದುದಷ್ಟೇ ಅಲ್ಲ, ಅವುಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು. ಮರಾಠಿಯ ಪ್ರಾಬಲ್ಯವಿದ್ದ ಆ ಸೀಮೆಯಲ್ಲಿ ಕನ್ನಡ ಓದುವ ಜನವನ್ನು ಅವರು ಹೀಗೆ ನಡೆದು ನಡೆದು ಗಳಿಸಿದರು. ಜಿ.ಪಿ. ರಾಜರತ್ನಂ ಅವರೂ ಪುಸ್ತಕಗಳನ್ನು ಹೊತ್ತು ತಿರುಗಿ ಮಾರಿದವರೇ. ಇನ್ನು ಶಿವರಾಮ ಕಾರಂತರು, 1977ರ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ನಂತರವೂ, ‘ತರಂಗ’ ವಾರಪತ್ರಿಕೆಯ ‘ಬಾಲವನದಲ್ಲಿ ಕಾರಂತಜ್ಜ’ ಎಂಬ ಅಂಕಣದಲ್ಲಿ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಅಲ್ಲಿ ತಮ್ಮ ಗ್ರಂಥಗಳ ಜಾಹೀರಾತಿಗಿಂತ ಮಗುವಿನ ಕುತೂಹಲವೇ ಅವರಿಗೆ ಮುಖ್ಯವಾಗಿತ್ತು. ಇವರಾರ ಘನತೆಗೂ ಇದರಿಂದ ಕುಂದುಂಟಾಗಲಿಲ್ಲ.

ಕಾಲವು ಬದಲಾಗಿದೆ. 2021ರ ಆಗಸ್ಟ್ ತಿಂಗಳಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ವಿಸ್ತರಿಸಿತು. ಕೆಂಗೇರಿಯಿಂದ ಅತ್ತಿಗುಪ್ಪೆ, ವಿಜಯನಗರಗಳ ಕಡೆಗೆ ಬೆಳಗಿನ ವೇಳೆ ಪ್ರಯಾಣ ಮಾಡಿದವರು ಬಲ್ಲರು: ತಲೆಬಾಗಿ ಮೊಬೈಲಿನ ಪರದೆಯನ್ನು ನೋಡುತ್ತಿರುವವರೇ ಎಲ್ಲರೂ. ಇವರಿಗೆ ಓದುವ ಅಭಿರುಚಿಯಿಲ್ಲವೆಂದು ಹಳಿಯುವುದು ಸುಲಭ. ಆದರೆ ಇವರು ಓದುತ್ತಿಲ್ಲವೆಂದಲ್ಲ, ನಮ್ಮ ಲೇಖಕರು ಬರೆದುದನ್ನು ಓದುತ್ತಿಲ್ಲವೆಂದು ಹೇಳುವುದೇ ಸರಿ. ಗಣಕಯಂತ್ರದಲ್ಲಿ ಕನ್ನಡ ಮೂಡಿಸುವುದೇ ಪ್ರಯಾಸವಾಗಿದ್ದ ಕಾಲವೊಂದಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ತರುವಾಯ ಎಲ್ಲೆಡೆ ನೆಲೆಗೊಂಡ ಯೂನಿಕೋಡ್, ಇವುಗಳಿಂದಾಗಿ ಆ ತೊಡಕು ನೀಗಿದೆ. ಗಳಗನಾಥರು ದಿನವಿಡೀ ನಡೆದು ತಲುಪುತ್ತಿದ್ದ ಮನೆಗಳಿಗಿಂತ ಹೆಚ್ಚು ಮನೆಗಳನ್ನು ಇಂದಿನ ಲೇಖಕನು ಕುಳಿತಲ್ಲಿಂದಲೇ ತಲುಪಬಹುದು. ಕೇವಲ ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿಯೇ 1024 ಮಂದಿಗೆ ಎಡೆಯುಂಟು. ಅದು ಒಂದು ಮುದ್ರಣದ ಪ್ರತಿಗಳಷ್ಟೇ ಆಯಿತಲ್ಲವೆ!

ಹಾಗಾದರೆ ಲೇಖಕನು ಮಾಡಬೇಕಾದುದೇನು? ಮೊದಲನೆಯದಾಗಿ, ‘ನನ್ನ ಪುಸ್ತಕ ಬಂದಿದೆ, ಕೊಳ್ಳಿರಿ’ ಎಂದು ದಿನವೂ ಸಾರುವುದನ್ನು ಬಿಟ್ಟು, ವಾರಕ್ಕೊಮ್ಮೆ ಪುಸ್ತಕದ ಒಂದು ಪುಟವನ್ನು ಓದುಗರ ಮುಂದಿಡಲಿ. ಪುಸ್ತಕವು ಎಲ್ಲಿ, ಯಾವ ಬೆಲೆಗೆ ದೊರೆಯುವುದೆಂಬುದನ್ನು ಒಂದೇ ಸಾಲಿನಲ್ಲಿ ಕೆಳಗೆ ತಿಳಿಸಲಿ. ಎರಡನೆಯದಾಗಿ, ತನ್ನದೇ ಧ್ವನಿಯಲ್ಲಿ ಓದಿ ಕೇಳಿಸಲಿ. ಗಮಕದ ಪರಂಪರೆಯುಳ್ಳ ನಾಡಿನಲ್ಲಿ ಕೇಳಿ ಸವಿಯುವ ಕಿವಿಗಳಿಗೆ ಕೊರತೆಯಿಲ್ಲ. ಕನ್ನಡ ಓದಲು ಬಾರದೆ ಬೆಳೆದಿರುವ ಮನೆಯ ಮಕ್ಕಳಿಗೂ ಅದು ತಲುಪುವುದು. ಮೂರನೆಯದಾಗಿ, ಬಂದ ಪತ್ರಗಳಿಗೆ ನಿಯತವಾದ ಒಂದು ವೇಳೆಯಲ್ಲಿ ಉತ್ತರ ಕೊಡಲಿ. ಎಲ್ಲಕ್ಕಿಂತ ಮಿಗಿಲಾಗಿ, ಇತರರ ಗ್ರಂಥಗಳ ಬಗ್ಗೆ ಮಾತನಾಡಲಿ. ತನ್ನ ಪುಸ್ತಕವೊಂದನ್ನೇ ಕೊಂಡಾಡುವವನ ಬಳಿ ಓದುಗನು ಬಹುದಿನ ನಿಲ್ಲನು.

ಈ ಹಾದಿಯಲ್ಲಿ ಮುಳ್ಳುಗಳಿಲ್ಲದಿಲ್ಲ. ಬರೆದ ಗಳಿಗೆಯಲ್ಲಿಯೇ ಮೆಚ್ಚುಗೆ ಬರುವುದರಿಂದ, ಮೆಚ್ಚುಗೆ ಬರುವುದನ್ನೇ ಬರೆಯುವ ಚಟ ಅಂಟಿಕೊಳ್ಳುತ್ತದೆ. ಮೆಚ್ಚುಗೆಯ ಗುರುತನ್ನು ಒತ್ತಿದವರೆಲ್ಲ ಓದಿದವರಲ್ಲ. ಮುಖಮರೆಸಿಕೊಂಡ ನಿಂದಕರ ಕಾಟವೂ ಉಂಟು. ಲೇಖಕಿಯರು ಇದನ್ನು ಹೆಚ್ಚಾಗಿ ಅನುಭವಿಸುತ್ತಿರುವುದು ನಮ್ಮ ಸಮಾಜಕ್ಕೆ ಶೋಭಿಸತಕ್ಕ ಸಂಗತಿಯಲ್ಲ. ಪ್ರಶ್ನೆಗೆ ಉತ್ತರ ಕೊಡಬೇಕು, ಬೈಗುಳಕ್ಕೆ ಬೇಕಿಲ್ಲ. ಇದಕ್ಕಿಂತಲೂ ಗಂಭೀರವಾದುದು ಪ್ರೀತಿಯ ಹೆಸರಿನಲ್ಲಿ ನಡೆಯುವ ಕಳವು. ಹೊಸ ಕಾದಂಬರಿಯ ಪುಟಗಳ ಚಿತ್ರ ತೆಗೆದು ಪಿಡಿಎಫ್ ಮಾಡಿ ಗುಂಪಿನಿಂದ ಗುಂಪಿಗೆ ಹಂಚುವವರು, ತಾವು ಕನ್ನಡದ ಸೇವೆ ಮಾಡುತ್ತಿರುವೆವೆಂದೇ ನಂಬಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನ ನಿಧನದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಕೃತಿಯ ಹಕ್ಕು ಉಳಿದಿರುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕೃತಿಗಳನ್ನು ಯಾರೂ ಹಂಚಬಹುದು. ಆದರೆ ಬದುಕಿರುವ ಲೇಖಕನ ಪುಸ್ತಕವನ್ನು ಹೀಗೆ ಹಂಚುವುದೆಂದರೆ, ಸಾವಿರ ಪ್ರತಿಗಳ ಆ ಸಣ್ಣ ಆಸರೆಯನ್ನೂ ಅವನ ಕೈಯಿಂದ ಕಿತ್ತುಕೊಂಡಂತೆ.

ಮತ್ತೊಂದು ಮಾತು. ಜಾಲತಾಣವು ಪರರ ಮನೆ. ಅಲ್ಲಿ ಯಾರ ಬರಹವನ್ನು ಎಷ್ಟು ಜನಕ್ಕೆ ತೋರಿಸಬೇಕೆಂಬುದನ್ನು ನಿರ್ಣಯಿಸುವವರು ಅದರ ಒಡೆಯರು. ಆದುದರಿಂದ ಅಲ್ಲಿ ದೊರೆತ ಸ್ನೇಹವನ್ನು ನಮ್ಮ ಅಂಗಳಕ್ಕೆ ಕರೆತರುವುದು ವಿವೇಕ. ಹಂಪಿನಗರದಲ್ಲಿ ನಗರ ಕೇಂದ್ರ ಗ್ರಂಥಾಲಯವಿದೆ. ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಶಾಲೆಗಳಿವೆ, ಸಭಾಂಗಣಗಳಿವೆ. ಪರದೆಯ ಮೇಲೆ ಪರಿಚಿತರಾದ ಇಪ್ಪತ್ತು ಮಂದಿ ಓದುಗರು ತಿಂಗಳಿಗೊಮ್ಮೆ ಇಂಥ ಕಡೆ ಲೇಖಕನೊಡನೆ ಕುಳಿತು ಒಂದು ಪುಸ್ತಕವನ್ನು ಕುರಿತು ಮಾತನಾಡಿದರೆ, ಸಾವಿರ ಮೆಚ್ಚುಗೆಗಳಿಗಿಂತ ಅದರ ಫಲ ಹೆಚ್ಚಿನದು.

ವಿದ್ಯಾರ್ಥಿ ಮಿತ್ರರು ಈ ಕಾರ್ಯದಲ್ಲಿ ಹಿರಿಯರಿಗೆ ನೆರವಾಗಬಲ್ಲರು. ಮೊಬೈಲಿನ ಮರ್ಮಗಳನ್ನರಿಯದ ಹಿರಿಯ ಲೇಖಕರು ಬಡಾವಣೆಗೊಬ್ಬರಾದರೂ ಇದ್ದಾರು. ಅವರ ಬಳಿಗೆ ಹೋಗಿ ಅವರು ಓದುವುದನ್ನು ಧ್ವನಿಮುದ್ರಿಸಿ ನಾಲ್ಕು ಜನಕ್ಕೆ ಕೇಳಿಸಿರಿ. ನೀವು ಓದಿದ ಪುಸ್ತಕವು ಮೆಚ್ಚುಗೆಯಾದರೆ ಅದರ ಕರ್ತೃವಿಗೆ ಎರಡು ಸಾಲು ಬರೆಯಿರಿ. ಮೆಚ್ಚುಗೆಯಾಗದಿದ್ದರೆ ಕಾರಣವನ್ನು ವಿನಯದಿಂದ ತಿಳಿಸಿರಿ. ನಿಮ್ಮ ಆ ಎರಡು ಸಾಲಿಗಾಗಿ ಕಾಯುತ್ತಿರುವ ಲೇಖಕರು ನೀವು ಎಣಿಸಿರುವುದಕ್ಕಿಂತಲೂ ಹೆಚ್ಚು ಮಂದಿ ಇದ್ದಾರೆ.