ಹಾಜರಿ ಪುಸ್ತಕದಲ್ಲಿ ಒಂದು ಹೆಸರು

ಹಾಸನದಲ್ಲಿ ಪದವಿ ಓದುವಾಗ ಪ್ರತಿ ಚಳಿಗಾಲದಲ್ಲೂ ಟಿಬೆಟನ್ನರ ಸ್ವೆಟರ್ ಅಂಗಡಿಗಳ ಕಡೆ ನಾವು ಗೆಳೆಯರು ಒಂದು ಸುತ್ತು ಹಾಕುತ್ತಿದ್ದೆವು. ಕೊಳ್ಳುವುದಕ್ಕಿಂತ ಚೌಕಾಸಿ ಮಾಡಿದ್ದೇ ಹೆಚ್ಚು. ಒಂದು ಅಂಗಡಿಯಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಕೂರುತ್ತಿದ್ದರು. ಕನ್ನಡ ನಮ್ಮಷ್ಟೇ ಸಲೀಸು. 'ಯಾವೂರು ಆಂಟಿ?' ಅಂದರೆ, 'ಬೈಲಕುಪ್ಪೆ ಕಣಪ್ಪ, ನಿಮ್ಮ ಪಕ್ಕದೂರೇ' ಅಂದರು.

ಅವರು ಗಡಿ ದಾಟಿದ್ದು ತಾಯಿಯ ಬೆನ್ನ ಮೇಲೆ. ಅಪ್ಪ ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದವರು. ಬಾಲ್ಯದ ಬಗ್ಗೆ ಏನು ನೆನಪಿದೆ ಅಂತ ಕೇಳಿದಾಗ ಅವರು ಹಸಿವಿನ ಮಾತಾಡಲಿಲ್ಲ. 'ಸ್ಕೂಲಲ್ಲಿ ಟೀಚರ್ ದಿನಾ ಬೆಳಿಗ್ಗೆ ನನ್ನ ಹೆಸರು ಕೂಗೋರು. ಒಂದಿನ ಹೋಗದಿದ್ರೆ ಯಾಕೆ ಬರಲಿಲ್ಲ ಅಂತ ಕೇಳೋರು. ಅದಕ್ಕೂ ಮುಂಚೆ ನಮ್ಮನ್ನ ಹಂಗೆ ಯಾರೂ ಕೇಳಿರಲಿಲ್ಲ' ಅಂದರು. ಐವತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡು ಸ್ವೆಟರ್ ತಂದೆ. ಆ ಮಾತು ಮರೆತೂಹೋಯಿತು.

ಅದು ಮತ್ತೆ ನೆನಪಾಗಿದ್ದು ಅರಕಲಗೂಡು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕನಾದ ಮೇಲೆ.

ಒಂದು ಜೂನ್ ತಿಂಗಳು. ಶುಂಠಿ ಹೊಲದ ಕೆಲಸಕ್ಕೆ ಬಂದಿದ್ದ ಅಸ್ಸಾಂ ಕಡೆಯವರೊಬ್ಬರು ಇಬ್ಬರು ಮಕ್ಕಳ ಕೈ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದಿ ಅರ್ಧಂಬರ್ಧ, ನನ್ನದು ಅದಕ್ಕಿಂತ ಕಡೆ. ಮನೆ ಇದ್ದ ದಡವನ್ನೇ ನದಿ ಕೊಚ್ಚಿಕೊಂಡು ಹೋಗಿದೆ ಅನ್ನುವಷ್ಟು ಅರ್ಥವಾಯಿತು. ಮುಖ್ಯ ಶಿಕ್ಷಕರು ಅಂದು ಮೀಟಿಂಗ್‌ಗೆ ಹೋಗಿದ್ದರು. ಮೇಜಿನ ಮೇಲೆ ತುಂಬಬೇಕಾದ ಫಾರಂಗಳು ಬಿದ್ದಿದ್ದವು. ತಲೆ ಎತ್ತದೆ, 'ಟಿ.ಸಿ. ತಗೊಂಡು ಬನ್ನಿ' ಅಂದೆ. ಅವರು ಕೈ ಮುಗಿದು ಹೋದರು. ಚಿಕ್ಕವನು ಗೇಟು ದಾಟುವವರೆಗೂ ತಿರುಗಿ ನೋಡುತ್ತಲೇ ಇದ್ದ.

ಅಂದು ರಾತ್ರಿ ನಾನು ಕೂತು ಓದುತ್ತಿದ್ದದ್ದು ಟಿಇಟಿ ಗೈಡು. ಅದರಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪಾಠವಿತ್ತು. 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದೆ ಉಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಅನ್ನುತ್ತದೆ 4ನೇ ಸೆಕ್ಷನ್. ಟಿ.ಸಿ. ತಡವಾಯಿತೆಂದು ದಾಖಲಾತಿ ತಡೆಯುವಂತಿಲ್ಲ ಅನ್ನುವುದು 5ನೇ ಸೆಕ್ಷನ್. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ ಅನ್ನುವುದು 14ನೇ ಸೆಕ್ಷನ್. ಮೂರನ್ನೂ ಬಾಯಿಪಾಠ ಮಾಡಿದ್ದೆ, ಮಾಡೆಲ್ ಪೇಪರಿನಲ್ಲಿ ಸರಿ ಉತ್ತರವನ್ನೂ ಗುರುತು ಹಾಕಿದ್ದೆ. ಅದೇ ದಿನ ಬೆಳಿಗ್ಗೆ ಇಬ್ಬರು ಮಕ್ಕಳನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದೆ.

ಸ್ವೆಟರ್ ಅಂಗಡಿಯ ಆಂಟಿಯ ಮಾತು ಆಗ ತಲೆಯೊಳಗೆ ಬಂತು. ಅವರ ಕಥೆ ಏನೆಂದು ಹುಡುಕಿ ಓದಲು ಶುರು ಮಾಡಿದೆ.

1959ರ ಮಾರ್ಚ್‌ನಲ್ಲಿ ಲ್ಹಾಸಾದ ದಂಗೆಯನ್ನು ಚೀನಾ ಸೇನೆ ಹತ್ತಿಕ್ಕಿದ ಮೇಲೆ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80 ಸಾವಿರ ಜನ ಬಂದರು. ದೊಡ್ಡವರಿಗೆ ಗುಡ್ಡಗಾಡಿನ ರಸ್ತೆ ಕೆಲಸ ಸಿಕ್ಕಿತು, ಮಕ್ಕಳು ಆ ರಸ್ತೆ ಬದಿಯ ಡೇರೆಗಳಲ್ಲೇ ಕಾಯಿಲೆ ಬಿದ್ದರು. ಆಗ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಶಾಲೆ ತೆರೆದದ್ದು. 1960ರ ಮಾರ್ಚ್‌ನಲ್ಲಿ ಮಸ್ಸೂರಿಯಲ್ಲಿ 50 ವಿದ್ಯಾರ್ಥಿಗಳ ಶಾಲೆ ಶುರುವಾಯಿತು. ಅದೇ ಮೇ ತಿಂಗಳಲ್ಲಿ ರಸ್ತೆ ಕೆಲಸದ ಶಿಬಿರಗಳಿಂದ 51 ಮಕ್ಕಳು ಧರ್ಮಶಾಲಾಕ್ಕೆ ಬಂದರು. ಅವರ ಜವಾಬ್ದಾರಿ ಹೊತ್ತವರು ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ. 1964ರಲ್ಲಿ ಅವರು ತೀರಿಕೊಂಡಾಗ ತಂಗಿ ಜೆತ್ಸುನ್ ಪೆಮಾ ಆ ಕೆಲಸ ವಹಿಸಿಕೊಂಡು 2006ರವರೆಗೆ ನಡೆಸಿದರು. ಇಂದಿನ 'ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್' ಹುಟ್ಟಿದ್ದು ಅಲ್ಲಿಂದ. ಅದರ ಒಂದು ಶಾಲೆ ಬೈಲಕುಪ್ಪೆಯಲ್ಲೂ ಇದೆ.

ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಜಾಗ ಕೊಟ್ಟಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ಅವರಿಗೆ ನೆಲೆ ಸಿಕ್ಕಿತು. 1961ರಲ್ಲಿ ಟಿಬೆಟನ್ ಮಕ್ಕಳ ಶಾಲೆಗಳಿಗೆಂದೇ ಕೇಂದ್ರದ ಶಿಕ್ಷಣ ಸಚಿವಾಲಯದ ಅಡಿ ಸ್ವಾಯತ್ತ ಸಂಸ್ಥೆಯೊಂದು ಹುಟ್ಟಿತು. ಆ ಶಾಲೆಗಳಲ್ಲಿ ಟಿಬೆಟನ್ ಶಿಕ್ಷಕರ ಜತೆ ಭಾರತೀಯ ಶಿಕ್ಷಕರೂ ಪಾಠ ಮಾಡಿದರು. ಮಕ್ಕಳು ತಮ್ಮ ಭಾಷೆಯನ್ನೂ ಬಿಡಲಿಲ್ಲ, ನಮ್ಮ ದೇಶದ ಪಠ್ಯವನ್ನೂ ಕಲಿತರು. ಅರಕಲಗೂಡಿನಿಂದ ಕುಶಾಲನಗರದ ಬಸ್ ಹತ್ತಿದರೆ ಬೈಲಕುಪ್ಪೆ ದೂರವೇನಲ್ಲ. ನಾವು ಅಲ್ಲಿಗೆ ಹೋಗುವುದು ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತೆಗೆದುಕೊಳ್ಳಲು, ಮೋಮೊ ತಿನ್ನಲು. ಆ ಊರು ನಿಂತಿರುವುದಕ್ಕೆ ಶಾಲೆಯೂ ಒಂದು ಕಾರಣ ಅನ್ನುವುದು ನನಗಂತೂ ಹೊಳೆದಿರಲಿಲ್ಲ.

ಇನ್ನೊಂದು ಹೆಸರು ಸಿಕ್ಕಿತು, ಅಕೀಲಾ ಆಸಿಫಿ. ಕಾಬೂಲ್‌ನಲ್ಲಿ ಶಿಕ್ಷಕಿಯಾಗಿದ್ದ ಅವರು 1992ರಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಪಾಕಿಸ್ತಾನದ ಕೋಟ್ ಚಂದನಾ ಶಿಬಿರ ಸೇರಿದರು. ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯೇ ಇರಲಿಲ್ಲ. ಮನೆಮನೆಗೆ ಹೋಗಿ ಒಪ್ಪಿಸಿ, ಒಂದು ಡೇರೆಯಲ್ಲಿ ಕೆಲವೇ ಹುಡುಗಿಯರಿಗೆ ಪಾಠ ಶುರು ಮಾಡಿದರು. ಪುಸ್ತಕವಿಲ್ಲದ್ದರಿಂದ ಪಾಠಗಳನ್ನು ಕೈಯಲ್ಲೇ ಬರೆದು ಹಂಚಿದರು. ಸಾವಿರಕ್ಕೂ ಹೆಚ್ಚು ಹುಡುಗಿಯರು ಅವರ ಬಳಿ ಕಲಿತರು. 2015ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಅವರಿಗೆ ನಾನ್ಸೆನ್ ಪ್ರಶಸ್ತಿ ಕೊಟ್ಟಿತು. ಅದೇ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ಶಾಲೆಗೆ ಹೋಗುವ ವಯಸ್ಸಿನ ನಿರಾಶ್ರಿತ ಮಕ್ಕಳು ಆಗ 1.48 ಕೋಟಿ ಇದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಶಾಲೆಯಿರಲಿಲ್ಲ.

ಅಕೀಲಾ ಮಾಡಿದ್ದನ್ನು ಒಂದೊಂದಾಗಿ ನೋಡಿದರೆ ನಮಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಮನೆಗೆ ಹೋಗಿ ಕರೆದರು, ಕೂರಿಸಿದರು, ಬರೆಸಿದರು, ಮರುದಿನವೂ ಬಂದರು. ಊಟ, ಹೊದಿಕೆ, ಔಷಧಿ ಮೊದಲು ಬೇಕು, ಎರಡು ಮಾತಿಲ್ಲ. ಆದರೆ ಊರು ಕಳೆದುಕೊಂಡ ಮಗುವಿಗೆ ನಾಳೆ ಇಷ್ಟು ಗಂಟೆಗೆ ಇಲ್ಲಿ ಇರಬೇಕು, ಇಲ್ಲದಿದ್ದರೆ ಯಾರಾದರೂ ಕೇಳುತ್ತಾರೆ ಅನ್ನುವ ಭರವಸೆ ಕೊಡುವುದು ಶಾಲೆ. ಅದನ್ನು ಕೊಡಲು ಮೇಷ್ಟ್ರು ಯುದ್ಧಭೂಮಿಗೆ ಹೋಗಬೇಕಿಲ್ಲ.

ನಾಲ್ಕನೆಯ ದಿನ ಮುಖ್ಯ ಶಿಕ್ಷಕರಿಗೆ ನಡೆದದ್ದನ್ನು ಹೇಳಿದೆ. 'ಮೊದಲು ಹೋಗಿ ಕರ್ಕೊಂಡು ಬನ್ನಿ ಮೇಷ್ಟ್ರೇ, ಪೇಪರ್ ಆಮೇಲೆ ನೋಡೋಣ' ಅಂದರು. ಬೈಕಿನಲ್ಲಿ ಹೊಲಕ್ಕೆ ಹೋದಾಗ ಅಕ್ಕ ಶೆಡ್ಡಿನ ಮುಂದೆ ಪಾತ್ರೆ ತಿಕ್ಕುತ್ತಿದ್ದಳು, ತಮ್ಮ ಪಕ್ಕದಲ್ಲಿ ಕೂತಿದ್ದ. ಅಂದೇ ಇಬ್ಬರ ಹೆಸರೂ ಹಾಜರಿ ಪುಸ್ತಕಕ್ಕೆ ಬಂತು. ಅಕ್ಕ ಬೇಗ ಹೊಂದಿಕೊಂಡಳು. ತಮ್ಮ ಆರು ವಾರ ಬಾಯಿ ಬಿಡಲಿಲ್ಲ. ಹೆಸರು ಕೂಗುತ್ತಿದ್ದೆ, ಅಕ್ಕನೇ ಕೈ ಎತ್ತುತ್ತಿದ್ದಳು. ಆಗಸ್ಟ್‌ನಲ್ಲಿ ಒಂದು ದಿನ ಹಿಂದಿನ ಬೆಂಚಿನಿಂದ 'ಬಂದೀನಿ ಸಾ' ಅಂತ ಸಣ್ಣ ದನಿ ಕೇಳಿತು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಅವನು ನಾಚಿಕೊಂಡು ಬೆಂಚಿನ ಕೆಳಗೆ ತಲೆ ಹಾಕಿದ.

ಈ ಮಕ್ಕಳು ಯುದ್ಧದಿಂದ ಬಂದವರಲ್ಲ. ಟಿಬೆಟ್, ಕಾಬೂಲ್‌ಗಳ ನೋವಿನ ಜತೆ ಇದನ್ನು ತೂಗುವುದಿಲ್ಲ. ಆದರೆ ಗೊತ್ತಿಲ್ಲದ ಭಾಷೆ, ಕೈಯಲ್ಲಿಲ್ಲದ ಕಾಗದ, ಬಾಗಿಲಲ್ಲಿ ತಲೆ ಎತ್ತದೆ ಮಾತಾಡುವ ಮೇಷ್ಟ್ರು, ಇವು ಎಲ್ಲ ಕಡೆಯೂ ಒಂದೇ.

ನನ್ನ ಜತೆ ಬಿ.ಇಡಿ. ಮಾಡಿದ ಗೆಳೆಯನೊಬ್ಬ ಹೊಳೆನರಸೀಪುರದಲ್ಲಿ ಟ್ಯೂಷನ್ ಹೇಳುತ್ತಾನೆ. ಇನ್ನೊಬ್ಬ ಚನ್ನರಾಯಪಟ್ಟಣದಲ್ಲಿ ಪಾರ್ಸೆಲ್ ಡೆಲಿವರಿ ಮಾಡುತ್ತ ನೇಮಕಾತಿಗೆ ಕಾಯುತ್ತಿದ್ದಾನೆ. ಇದನ್ನೆಲ್ಲ ಹೇಳಿದಾಗ ಅವನು, 'ನಮಗೇ ನೆಲೆಯಿಲ್ಲ, ನಾವೇನು ಕೊಡೋಣ ಮಗಾ?' ಅಂದ. ತಪ್ಪು ಮಾತೇನಲ್ಲ. ಗೌರವಧನ ತಡವಾದಾಗ ನನಗೂ ಹಾಗೇ ಅನಿಸುತ್ತದೆ. ಕಾಯಂ ನೇಮಕಾತಿ ಕೇಳುವುದನ್ನು ನಾವು ಬಿಡಬಾರದು, ಸೇವೆಯ ಹೆಸರಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದನ್ನು ಒಪ್ಪಲೂಬಾರದು. ಆದರೆ ಪೋಸ್ಟಿಂಗ್ ಸಿಗುವವರೆಗೆ ಓದಿದ ಕಾಯ್ದೆ ಗೈಡಿನಲ್ಲೇ ಮಲಗಿರಬೇಕು ಅಂತ ಯಾರೂ ಹೇಳಿಲ್ಲ. ಪಾರ್ಸೆಲ್ ಕೊಡಲು ಹೋದ ಕಟ್ಟಡದ ಕೆಳಗೆ ಶಾಲೆ ಹೊತ್ತಿನಲ್ಲಿ ಮರಳಲ್ಲಿ ಆಡುವ ಮಗು ಕಂಡರೆ ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರಿಗೆ ಹೇಳಬಹುದು. ಕೇಳದಿದ್ದರೆ ಸಿಆರ್‌ಪಿ, ಬಿಇಒ ಕಚೇರಿ ಇದೆ. ಮಗು ತೊಂದರೆಯಲ್ಲಿದ್ದರೆ 1098ಕ್ಕೆ ಫೋನ್ ಮಾಡಬಹುದು. ಇದಕ್ಕೆ ನೇಮಕಾತಿ ಆದೇಶ ಬೇಕಿಲ್ಲ.

ಶುಂಠಿ ಕಿತ್ತ ಮೇಲೆ ಆ ಕುಟುಂಬ ಬೇರೆ ಕಡೆ ಹೊರಟಿತು. ಹೋಗುವ ಮುನ್ನ ಅಪ್ಪ ಶಾಲೆಗೆ ಬಂದರು. ಈ ಸಲ ಅವರೇ ಕೇಳಿದರು: 'ಸರ್, ಟಿ.ಸಿ.' ಇಬ್ಬರದ್ದೂ ಬರೆದು, ಮುಖ್ಯ ಶಿಕ್ಷಕರ ಸಹಿ ಹಾಕಿಸಿ, ಕವರಿನಲ್ಲಿಟ್ಟು ಕೊಟ್ಟೆ. ಮುಂದಿನ ಊರಿನ ಶಾಲೆಯಲ್ಲಿ ಮೇಜಿನ ಹಿಂದೆ ಕೂತಿರುವುದು ನಿಮ್ಮಲ್ಲಿ ಒಬ್ಬರು ಇರಬಹುದು. ಅವರು ಬಾಗಿಲಿಗೆ ಬಂದಾಗ ದಯವಿಟ್ಟು ತಲೆ ಎತ್ತಿ ನೋಡಿ.