ಓಡಲು ರಸ್ತೆಯಾಯಿತು, ನಿಲ್ಲಲು ಜಾಗ ಕೊಡಿ

ವಯಸ್ಸಾದವರು ಯಾಕೆ ಪ್ರವಾಸ ಹೊರಡುವುದಿಲ್ಲ ಎಂದು ಕೇಳಿದರೆ ಮಂಡಿನೋವು, ಬಿ.ಪಿ., ದುಡ್ಡು ಎಂದೆಲ್ಲ ಉತ್ತರ ಬರುತ್ತದೆ. ಅದೇ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ಹೆಂಗಸರಿಗೆ ಕೇಳಿ ನೋಡಿ. ಉತ್ತರ ಒಂದೇ: ಶೌಚಾಲಯ. ಬಸ್ಸು ಹತ್ತುವ ದಿನ ಬೆಳಗ್ಗೆಯಿಂದ ನೀರು ಮುಟ್ಟದೆ ಕೂರುವ ಅಭ್ಯಾಸ ನನಗೂ ಇತ್ತು. ಕುಮಟಾದಿಂದ ಹೊನ್ನಾವರದ ಶಾಲೆಗೆ ಪಾಠ ಹೇಳಲು ಓಡಾಡಿದ ವರ್ಷಗಳೆಲ್ಲ ಹಾಗೆಯೇ ಕಳೆದವು. ನಿವೃತ್ತಿಯ ನಂತರ ನನಗೆ ತಿರುಗಾಟದ ಹುಚ್ಚು ಹಿಡಿದದ್ದು ಈ ಒಂದು ತಾಪತ್ರಯಕ್ಕೆ ನಮ್ಮದೇ ಗಾಡಿಯೊಳಗೆ ಪರಿಹಾರ ಸಿಕ್ಕಿದ್ದರಿಂದ.

ನಮ್ಮ ಮನೆಯವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಮದುವೆ ದಿಬ್ಬಣ ಹೊತ್ತು ಸವೆದ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಅವರೇ ಹುಡುಕಿ ತಂದರು. ಹಿಂದಿನ ಸೀಟುಗಳು ಹೋದವು, ಪ್ಲೈವುಡ್ಡಿನ ಮಂಚ ಬಂತು, ಮಂಚದ ಕೆಳಗೆ ಪಾತ್ರೆ, ಅಕ್ಕಿ, ಹಾಸಿಗೆ ಬಟ್ಟೆ. ಮಾಡಿನ ಮೇಲೆ ಒಂದು ಸೋಲಾರ್ ಫಲಕ. ಅದರಿಂದ ಒಂದು ಫ್ಯಾನು, ಎರಡು ದೀಪ. ಮೂಲೆಯಲ್ಲಿ ಪರದೆ ಕಟ್ಟಿ, ಅತ್ತೆ ಹಾಸಿಗೆ ಹಿಡಿದಾಗ ತಂದಿದ್ದ ಕಮೋಡ್ ಕುರ್ಚಿಯನ್ನು ಇಟ್ಟೆವು. ಗ್ಯಾಸಿನ ಒಲೆಯನ್ನು ಹೊರಗೆ ಇಳಿಸಿಯೇ ಹಚ್ಚುತ್ತೇವೆ. ಇಷ್ಟೇ ನಮ್ಮ ಕ್ಯಾರವಾನ್. ಸಿನಿಮಾ ನಟರ ಕ್ಯಾರವಾನ್ ಟಿ.ವಿ.ಯಲ್ಲಿ ನೋಡಿದ ಮೊಮ್ಮಗಳು ಇದನ್ನು ನೋಡಿ ನಕ್ಕಳು. ನಗಲಿ.

ಹೊರಡುವ ಆಸೆಯಿರುವವರಿಗೆ ಕಾಗದಪತ್ರದ ಮಾತು ಮೊದಲೇ ಹೇಳಿಬಿಡುತ್ತೇನೆ. ಗಾಡಿಯ ಮೂಲ ಸ್ವರೂಪ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು. ಹಳದಿ ಬೋರ್ಡಿನ ಗಾಡಿಯಾದರೆ ಅದು ಬಿಳಿಯಾಗಬೇಕು, ಆರ್.ಸಿ., ವಿಮೆ ಎರಡರಲ್ಲೂ ಬದಲಾವಣೆ ಕಾಣಬೇಕು. ಅನುಮತಿ ಕೈಗೆ ಬಂದ ಮೇಲೆಯೇ ಬಡಗಿಯನ್ನು ಕರೆಯಿರಿ. ಐವತ್ತೈದು ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ, ವೈದ್ಯರ ಪ್ರಮಾಣಪತ್ರವೂ ಬೇಕು. ಇದನ್ನು ಕಿರುಕುಳ ಎನ್ನುವವರಿದ್ದಾರೆ. ಕಣ್ಣು ಸರಿಯಿಲ್ಲದವರು ಸ್ಟಿಯರಿಂಗ್ ಹಿಡಿಯಬಾರದು ಎಂದು, ಜೀವಮಾನವಿಡೀ ಸ್ಟಿಯರಿಂಗ್ ಹಿಡಿದ ನಮ್ಮವರೇ ಹೇಳುತ್ತಾರೆ. ರಾತ್ರಿ ಅವರು ಗಾಡಿ ಓಡಿಸುವುದಿಲ್ಲ, ಮಳೆಗಾಲದಲ್ಲಿ ಶೆಡ್ಡಿನಿಂದ ತೆಗೆಯುವುದೂ ಇಲ್ಲ.

ಭಟ್ಕಳದಿಂದ ಕುಮಟಾಕ್ಕೆ ಅರವತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿಗೆ ಒಂದೂವರೆ ತಾಸಿನ ದಾರಿ. ನಮಗೆ ಅದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದ ಕಲ್ಲುಗೋಡೆಯಲ್ಲಿ ರಾಮಾಯಣ ಕೆತ್ತಿದ್ದಾರೆ. ಅದರ ಮುಂದೆ ನಿಂತು ನಮ್ಮವರು, ‘ಇಷ್ಟು ವರ್ಷ ಬಸ್‌ಸ್ಟ್ಯಾಂಡಿಗೆ ಬಂದು ತಿರುಗಿಸಿಕೊಂಡು ಹೋದೆ, ಇದು ಇಲ್ಲೇ ಇತ್ತಾ?’ ಎಂದರು. ಟೈಮಿಗೆ ಡಿಪೊ ಸೇರಬೇಕಾದವರಿಗೆ ಊರೆಂದರೆ ಸ್ಟಾಪು. ಹೊನ್ನಾವರದ ಹತ್ತಿರ ಅಪ್ಸರಕೊಂಡದ ಜಲಪಾತ, ಶರಾವತಿ ಅಳಿವೆಯ ಕಾಂಡ್ಲಾ ಗಿಡಗಳ ನಡುವಿನ ಮರದ ಕಾಲುದಾರಿ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ಗುಣವಂತೆ, ಇವೆಲ್ಲ ಹೆದ್ದಾರಿಯಿಂದ ಕೂಗಳತೆಯಲ್ಲೇ ಇವೆ. ಕುಮಟಾ ದಾಟಿದರೆ ಮಿರ್ಜಾನ ಕೋಟೆ. ಅಘನಾಶಿನಿ ನದಿಯಲ್ಲಿ ಕಡಲ ಭರತ ಇಳಿದಾಗ ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು ಆರಿಸುವವರನ್ನು ಕಂಡೆ. ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತದ ಬಗ್ಗೆ ಮಕ್ಕಳಿಗೆ ಪಾಠ ಹೇಳಿದ್ದವಳು ನಾನು. ಬದುವಿನ ಮೇಲೆ ನಿಂತು ಆ ತೆನೆ ಮುಟ್ಟಿದ್ದು ಪಿಂಚಣಿ ಶುರುವಾದ ಮೇಲೆ. ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ರಸ್ತೆ ಬದಿಯಲ್ಲಿ ತೂಗುಹಾಕಿದ ಸಿಹಿ ಈರುಳ್ಳಿ ಗೊಂಚಲುಗಳನ್ನು ಹತ್ತು ಅಂಗಡಿ ತಿರುಗಿ ಚೌಕಾಸಿ ಮಾಡಿ ಕೊಳ್ಳುವಷ್ಟು ಪುರುಸೊತ್ತು ನಮ್ಮ ವಯಸ್ಸಿನವರಿಗಲ್ಲದೆ ಇನ್ಯಾರಿಗಿದೆ?

ಈ ತಿರುಗಾಟದ ಸುಖ ದೂರ ಹೋಗುವುದರಲ್ಲಿಲ್ಲ, ಬೇಕಾದಲ್ಲಿ ನಿಲ್ಲುವುದರಲ್ಲಿದೆ. ನನ್ನ ದಿಂಬು, ನನ್ನ ಮಾತ್ರೆ ಡಬ್ಬಿ, ನನ್ನ ಕುಚ್ಚಲಕ್ಕಿ ಗಂಜಿ ಎಲ್ಲ ಜೊತೆಗೇ ಇರುತ್ತವೆ. ಲಾಡ್ಜಿನ ಮೂರನೇ ಮಹಡಿ ಹತ್ತುವ ಕಷ್ಟವಿಲ್ಲ. ಯಾರ ಮನೆಗೂ ಹೋಗಿ ಅವರ ಹೊತ್ತು ಕೆಡಿಸುವ ಸಂಕೋಚವಿಲ್ಲ.

ಆದರೆ ನಿಲ್ಲುವುದು ಎಲ್ಲಿ? ಹೊನ್ನಾವರದ ಕಾಸರಕೋಡಿನ ಕಡೆ ಒಂದು ಸಂಜೆ ಗಾಡಿ ನಿಲ್ಲಿಸಿ ಅನ್ನಕ್ಕಿಟ್ಟಿದ್ದೆ. ಒಣಮೀನು ಎತ್ತಿಡುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದು, ಗಾಡಿಯೊಳಗೆ ಇಣುಕಿ, ದನಿ ತಗ್ಗಿಸಿ, ‘ಅಕ್ಕೋರೆ, ಮಕ್ಳು ನೋಡ್ಕಂತಿಲ್ವಾ?’ ಎಂದಳು. ಮಕ್ಕಳು ಹೊರಹಾಕಿದ ಮುದುಕರು ಗಾಡಿಯಲ್ಲಿ ಸಂಸಾರ ಹೂಡಿದ್ದಾರೆ ಎಂದು ಅವಳ ಲೆಕ್ಕ. ವಿಷಯ ತಿಳಿಸಿದ ಮೇಲೆ ನಕ್ಕು, ತನ್ನ ಅಂಗಳದ ಬಾವಿ ತೋರಿಸಿದಳು. ಎಲ್ಲ ಕಡೆ ಹೀಗಾಗುವುದಿಲ್ಲ. ಕತ್ತಲಾದ ಮೇಲೆ ಟಾರ್ಚು ಬಿಟ್ಟು ‘ಯಾರು, ಎಲ್ಲಿಂದ, ಯಾಕೆ’ ಎಂದು ಕೇಳುವವರು ಬರುತ್ತಾರೆ. ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಅಪರಿಚಿತ ಗಾಡಿ ಊರಲ್ಲಿ ನಿಂತರೆ ಊರವರು ವಿಚಾರಿಸಬೇಕಾದ್ದೇ. ‘ಇಲ್ಲಿ ನಿಲ್ಲಬಹುದು’ ಎಂದು ಬರೆದ ಜಾಗವಿದ್ದರೆ ಅವರಿಗೂ ನಿಶ್ಚಿಂತೆ, ನಮಗೂ ನಿದ್ದೆ.

ಹೀಗೆ ಗಾಡಿಯಲ್ಲೇ ಉಂಡು ಮಲಗಿ ತಿರುಗುವುದೇನೂ ಪರದೇಶದಿಂದ ಬಂದ ಹೊಸ ಶೋಕಿಯಲ್ಲ. ಧಾರವಾಡ ಸೀಮೆಯ ಹತ್ತಿ ಒಂದು ಕಾಲಕ್ಕೆ ನಮ್ಮ ಬಂದರಿನಿಂದ ಹಡಗೇರುತ್ತಿದ್ದ ಕಾರಣ ಹೊರಗಿನ ಪೇಟೆಗಳಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಆ ಹತ್ತಿ ಹೊತ್ತು ಘಟ್ಟ ಇಳಿದ ಗಾಡಿಯವರು ನೀರಿದ್ದಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅನ್ನ ಬೇಯಿಸಿ, ಗಾಡಿಯ ಕೆಳಗೆ ಮಲಗಿದವರು. ಯಕ್ಷಗಾನದ ಡೇರೆ ಮೇಳಗಳು ಸಾಮಾನು, ಅಡುಗೆಯವರ ಸಮೇತ ಊರಿಂದೂರಿಗೆ ಹೋಗುತ್ತಿದ್ದವು. ಅವರಿಗೆಲ್ಲ ಇದ್ದ ನೆರಳು, ಕೆರೆ, ಬಯಲುಗಳ ಮೇಲೆ ಈಗ ನಾಲ್ಕು ಪಥದ ಹೆದ್ದಾರಿ ಓಡುತ್ತಿದೆ. ರಸ್ತೆ ಚೆನ್ನಾಗಿದೆ, ಸಂತೋಷ. ಆದರೆ ಅದು ನಮ್ಮ ಮೂರು ತಾಲ್ಲೂಕುಗಳನ್ನು ದಾಟಿಹೋಗುವವರಿಗೆ ಮಾಡಿದ ರಸ್ತೆ.

ನಿಲ್ಲುವ ಜಾಗದ ಮಾತು ಹವ್ಯಾಸಿಗಳ ಹಟ ಮಾತ್ರವಲ್ಲ. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದ ಗುಡ್ಡ, ಹೆದ್ದಾರಿ ಬದಿಯ ಚಹಾದ ಹೋಟೆಲನ್ನೂ ಅಲ್ಲಿ ದಣಿವಾರಿಸಿಕೊಳ್ಳಲು ನಿಂತಿದ್ದ ಲಾರಿಗಳನ್ನೂ ಗಂಗಾವಳಿ ನದಿಗೆ ನೂಕಿತು. ಎಲ್ಲಿ ನಿಂತರೆ ಕ್ಷೇಮ ಎಂದು ಹೇಳುವ ಹೊಣೆ ರಸ್ತೆ ಕಟ್ಟಿದವರಿಗೂ ಆಡಳಿತ ನಡೆಸುವವರಿಗೂ ಇದೆ.

ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿತು. ನಮ್ಮಲ್ಲೂ ಬಾಡಿಗೆಗೆ ಐಷಾರಾಮಿ ಗಾಡಿಗಳು ಬಂದಿವೆ. ಅವು ದುಡ್ಡಿದ್ದವರಿಗೆ ಇರಲಿ. ಪಿಂಚಣಿದಾರರಿಗೆ ಬೇಕಾದ್ದು ತೀರಾ ಸಣ್ಣದು: ಗುಡ್ಡದಿಂದ ದೂರವಿರುವ ಸಮತಟ್ಟು ಜಾಗ, ಒಂದು ನಲ್ಲಿ, ಒಂದು ಬೀದಿದೀಪ, ಹೆಂಗಸರು ಧೈರ್ಯವಾಗಿ ಹೋಗಬಹುದಾದ ಶೌಚಾಲಯ, ಗಾಡಿಯ ಮಲಿನ ನೀರು ಸುರಿಯಲು ಮುಚ್ಚಿದ ಗುಂಡಿ. ಕ್ಯಾರವಾನಿನವರು ಊರು ಗಲೀಜು ಮಾಡುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಗಲೀಜು ಮಾಡಿದವರಿಗೆ ದಂಡ ಹಾಕಿ. ಶೌಚಾಲಯ ಇಲ್ಲಿ ಚೊಕ್ಕಟವಾಗಿ ಉಳಿಯುವುದಿಲ್ಲ ಎಂಬ ನೆಪ ಮಾತ್ರ ಬೇಡ. ಕಾಸರಕೋಡು ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಶೌಚಾಲಯದ ಅಚ್ಚುಕಟ್ಟು ಆ ಮಾನ್ಯತೆಯ ನಿಯಮಗಳಲ್ಲೇ ಸೇರಿದೆ.

ಓರಗೆಯವರಿಗೂ ಒಂದು ಮಾತು. ಮೈಸೂರಿನ ಡಿ. ಕೃಷ್ಣಕುಮಾರ್, ತಾಯಿ ಬೇಲೂರು–ಹಳೇಬೀಡನ್ನೂ ನೋಡಿಲ್ಲ ಎಂದು ತಿಳಿದು, 2018ರಲ್ಲಿ ತಂದೆಯ ಹಳೆಯ ಬಜಾಜ್ ಸ್ಕೂಟರಿನಲ್ಲಿ ಅವರನ್ನು ಕೂರಿಸಿಕೊಂಡು ದೇಶ ಸುತ್ತಲು ಹೊರಟರು. ಅಂಥ ಮಗ ಎಲ್ಲರ ಹೊಟ್ಟೆಯಲ್ಲಿ ಹುಟ್ಟುವುದಿಲ್ಲ, ಮಗ ಒಳ್ಳೆಯವನಾದರೂ ಅವನಿಗೆ ರಜೆ ಇರುವುದಿಲ್ಲ. ಕಾಯುತ್ತ ಕೂತರೆ ಮಂಡಿ ಕಾಯುವುದಿಲ್ಲ. ದೂರದ ಕಾಶಿಯ ಮೊದಲು ಪಕ್ಕದ ತಾಲ್ಲೂಕು ನೋಡಿ ಬನ್ನಿ.

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ತಾಲ್ಲೂಕಿಗೊಂದು ಪಂಚಾಯಿತಿ ನವೆಂಬರಿನಿಂದ ಮೇ ತನಕ ಇಂಥ ತಂಗುವ ಜಾಗವೊಂದನ್ನು ಮಾಡಿ ನೋಡಲಿ. ರಾತ್ರಿಗೆ ನೂರು ರೂಪಾಯಿ ಶುಲ್ಕ ಇಡಲಿ, ರಿಜಿಸ್ಟರಿನಲ್ಲಿ ಹೆಸರು, ಗಾಡಿ ನಂಬರು ಬರೆಸಿಕೊಳ್ಳಲಿ. ನಮ್ಮಂಥವರು ಒಬ್ಬರೂ ಬರಲಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಆ ಬಯಲಿನಲ್ಲಿ ಯಕ್ಷಗಾನದ ಆಟ ಆಡಿಸಬಹುದು, ಲಾರಿಯವರು ನಿದ್ದೆ ಮಾಡಬಹುದು, ಬಸ್ಸಿಗೆ ಹೊರಟ ಹೆಂಗಸರು ಬೆಳಗ್ಗೆ ಹೊಟ್ಟೆ ತುಂಬ ನೀರು ಕುಡಿಯಬಹುದು. ಇದರಲ್ಲಿ ನಷ್ಟ ಯಾವುದು ಎಂದು ಯಾರಾದರೂ ಲೆಕ್ಕ ಹಾಕಿ ತೋರಿಸಲಿ.