ಬಿಲ್ಲಿನ ಬಲಕ್ಕೆ ಕಾನೂನಿನ ಅಳತೆಗೋಲು

ಬೇಟೆಗಾರನ ಬಿಲ್ಲು ಎಷ್ಟು ಬಲವಾಗಿರಬೇಕು? ಬೇಟೆಯನ್ನೇ ನಿಷೇಧಿಸಿರುವ ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಅರ್ಥವಿಲ್ಲ. ಆದರೆ ಬಿಲ್ಲಿನ ಬೇಟೆಗೆ ಪ್ರತ್ಯೇಕ ಋತುವನ್ನೇ ಮೀಸಲಿಟ್ಟಿರುವ ಅಮೆರಿಕದ ರಾಜ್ಯಗಳಲ್ಲಿ ಇದು ಪದೇಪದೇ ಚರ್ಚೆಗೆ ಬರುವ ಕಾನೂನಿನ ಪ್ರಶ್ನೆ. ಅಲ್ಲಿ ಆಧುನಿಕ ಕಾಲದ ಮೊದಲ ಬಿಲ್ಲಿನ ಜಿಂಕೆ ಬೇಟೆಗೆ 1934ರಲ್ಲಿ ಅವಕಾಶ ಕೊಟ್ಟದ್ದು ವಿಸ್ಕಾನ್ಸಿನ್ ರಾಜ್ಯ. ಅಲ್ಲಿಂದೀಚೆಗೆ ಬೇರೆ ಬೇರೆ ರಾಜ್ಯಗಳು ತಮಗೆ ತೋಚಿದ ಮಿತಿಗಳನ್ನು ವಿಧಿಸುತ್ತಾ ಬಂದಿವೆ.

ಹೆದೆಯನ್ನು ಪೂರ್ತಿ ಸೆಳೆಯಲು ಬೇಕಾಗುವ ಬಲವೇ ಈ ಕಾನೂನುಗಳ ಅಳತೆಗೋಲು. ವಿಸ್ಕಾನ್ಸಿನ್ ಮತ್ತು ಮಿನೆಸೋಟಾಗಳಲ್ಲಿ ಜಿಂಕೆ ಬೇಟೆಗೆ ಕನಿಷ್ಠ 30 ಪೌಂಡ್, ಅಂದರೆ ಸುಮಾರು 13.6 ಕಿಲೋ ಬಲದ ಬಿಲ್ಲು ಸಾಕು. ಪೆನ್ಸಿಲ್ವೇನಿಯಾ ಹಾಗೂ ಕೊಲೊರಾಡೊಗಳಲ್ಲಿ ಈ ಮಿತಿ 35 ಪೌಂಡ್. ಅಲಾಸ್ಕಾ ಪ್ರಾಣಿಯ ಗಾತ್ರ ನೋಡಿ ಎರಡು ದರ್ಜೆ ಮಾಡಿದೆ: ಕರಿಕರಡಿ, ಕ್ಯಾರಿಬೂ, ತೋಳಗಳಿಗೆ 40 ಪೌಂಡ್, ಮೂಸ್, ಎಲ್ಕ್, ಕಂದು ಕರಡಿ, ಬೈಸನ್‌ಗಳಿಗೆ 50 ಪೌಂಡ್. ಟೆಕ್ಸಾಸ್‌ನಲ್ಲಿ ಈಗ ಯಾವ ಕನಿಷ್ಠ ಮಿತಿಯೂ ಇಲ್ಲ. ಒಂದೇ ಜಾತಿಯ ಜಿಂಕೆಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಲೆಕ್ಕ ಇರುವುದೇ ಈ ಅಂಕಿಗಳ ಹಿಂದೆ ಗಟ್ಟಿಯಾದ ಒಮ್ಮತವಿಲ್ಲ ಎಂಬುದನ್ನು ತೋರಿಸುತ್ತದೆ.

ನಿಯಮದ ಉದ್ದೇಶ ಮಾತ್ರ ಪ್ರಶ್ನಾತೀತ. ಗುಂಡು ಆಘಾತದಿಂದಲೂ ಕೊಲ್ಲುತ್ತದೆ. ಬಾಣ ಕೊಲ್ಲುವುದು ರಕ್ತಸ್ರಾವದಿಂದ. ಹರಿತವಾದ ಅಲಗು ಶ್ವಾಸಕೋಶ ಅಥವಾ ಹೃದಯವನ್ನು ಸೀಳಿಕೊಂಡು ಹೋದರೆ ಪ್ರಾಣಿ ಬೇಗ ಸಾಯುತ್ತದೆ. ಬಲ ಸಾಲದೆ ಬಾಣ ಎಲುಬಿಗೆ ತಾಗಿ ನಿಂತರೆ ಅದು ಗಾಯ ಹೊತ್ತು ಓಡುತ್ತದೆ. ಎಲ್ಲೋ ಪೊದೆಯಲ್ಲಿ ದಿನಗಟ್ಟಲೆ ನರಳಿ ಸಾಯಬಹುದು. ಈ ಸಂಕಟವನ್ನು ತಪ್ಪಿಸುವುದೇ ಕನಿಷ್ಠ ಬಲದ ನಿಯಮಕ್ಕಿರುವ ನೈತಿಕ ಆಧಾರ.

ಒಂದೇ ಅಂಕಿ, ಎರಡು ಬಿಲ್ಲು

ತೊಡಕು ಇರುವುದು ಅಳತೆಯ ವಿಧಾನದಲ್ಲಿ. ಹಾಲೆಸ್ ವಿಲ್ಬರ್ ಅಲೆನ್ ಅವರಿಗೆ 1969ರಲ್ಲಿ ಪೇಟೆಂಟ್ ದೊರೆತ ಕಾಂಪೌಂಡ್ ಬಿಲ್ಲಿನಲ್ಲಿ ತುದಿಗಳಿಗೆ ರಾಟೆಗಳಿರುತ್ತವೆ. ಸೆಳೆತದ ಬಹುಪಾಲು ದೂರದವರೆಗೆ ಬಲ ಗರಿಷ್ಠ ಮಟ್ಟದಲ್ಲೇ ಇದ್ದು, ಕೊನೆಯಲ್ಲಿ ಮಾತ್ರ ಹಠಾತ್ತನೆ ಇಳಿಯುತ್ತದೆ. ಪೂರ್ತಿ ಸೆಳೆದು ಗುರಿ ಹಿಡಿದು ನಿಂತವನ ಬೆರಳಿಗೆ ಐದರಲ್ಲಿ ಒಂದು ಪಾಲಿನಷ್ಟೇ ಭಾರ ತಾಗಬಹುದು. ಈ ರಿಯಾಯಿತಿ ಶೇ. 80ನ್ನು ಮೀರಕೂಡದೆಂದು ಕೊಲೊರಾಡೊ ಬಿಲ್ಲು ಋತುವಿನ ನಿಯಮದಲ್ಲಿ ಪ್ರತ್ಯೇಕವಾಗಿ ಹೇಳಿದೆ.

ಮರದ ಸಾಂಪ್ರದಾಯಿಕ ಬಿಲ್ಲಿನಲ್ಲಿ ಇಂಥ ಅನುಕೂಲವಿಲ್ಲ. ಸೆಳೆದಷ್ಟೂ ಭಾರ ಏರುತ್ತದೆ. ಗರಿಷ್ಠ ಬಲ ಕೊನೆಯ ಅಂಗುಲದಲ್ಲಿ ಮಾತ್ರ. ಹೀಗಾಗಿ 40 ಪೌಂಡ್ ಎಂದು ಗುರುತಿಸಿದ ಎರಡು ಬಿಲ್ಲುಗಳಲ್ಲಿ ಕಾಂಪೌಂಡ್ ಬಿಲ್ಲು ಗಣನೀಯವಾಗಿ ಹೆಚ್ಚು ಶಕ್ತಿಯನ್ನು ಬಾಣಕ್ಕೆ ಕೊಡುತ್ತದೆ. ಕಾನೂನಿನ ಕಣ್ಣಿಗೆ ಮಾತ್ರ ಎರಡೂ ಸಮಾನ.

ಎರಡನೆಯ ತೊಡಕು ತೋಳಿನ ಉದ್ದದ್ದು. ಸಾಂಪ್ರದಾಯಿಕ ಬಿಲ್ಲಿನ ಮೇಲೆ ಬರೆದ ಅಂಕಿ ಸಾಮಾನ್ಯವಾಗಿ 28 ಅಂಗುಲ ಸೆಳೆದಾಗಿನದು. ಗಿಡ್ಡ ತೋಳಿನವರು 25 ಅಂಗುಲ ಮಾತ್ರ ಸೆಳೆದರೆ, ಅಂಗುಲಕ್ಕೆ ಎರಡು ಮೂರು ಪೌಂಡ್‌ನಂತೆ ಬಲ ಕುಗ್ಗುತ್ತದೆ. ಬಿಲ್ಲಿನ ಮೇಲೆ 40 ಎಂದಿದ್ದರೂ ಬಾಣಕ್ಕೆ ದೊರೆಯುವುದು 31-34 ಪೌಂಡ್‌ನ ಸೆಳೆತವಷ್ಟೇ. ನಿಯಮ ಅನ್ವಯಿಸಬೇಕಾದದ್ದು ಬಿಲ್ಲಿಗೋ, ಬಿಲ್ಲುಗಾರನಿಗೋ? ಅಂಕಿಯನ್ನು ಮಾತ್ರ ಹೇಳಿ ಸೆಳೆತದ ಉದ್ದವನ್ನು ಹೇಳದ ನಿಯಮ ಇದಕ್ಕೆ ಉತ್ತರಿಸುವುದಿಲ್ಲ.

ಮಿತಿ ಏರಿಸಿದರೆ ಹದಿಹರೆಯದವರು, ಮಹಿಳೆಯರು, ವೃದ್ಧರು ಹೊರಗುಳಿಯುತ್ತಾರೆ ಎಂಬುದು ಒಂದು ವಾದ. ತಮ್ಮ ಶಕ್ತಿಗೆ ಮೀರಿದ ಬಿಲ್ಲನ್ನು ಹಿಡಿದವರ ಕೈ ನಡುಗಿ ಗುರಿ ತಪ್ಪುವುದೂ ಗಾಯಗೊಂಡ ಪ್ರಾಣಿಗಳ ಸಂಖ್ಯೆಯನ್ನು ಹೆಚ್ಚಿಸಬಲ್ಲದು. ಮಿತಿ ಇಳಿಸಿದರೆ ಅಪಾತ್ರರ ಕೈಗೆ ಆಯುಧ ಕೊಟ್ಟಂತಾಗುತ್ತದೆ ಎಂಬುದು ಪ್ರತಿವಾದ. ಎರಡರಲ್ಲೂ ಹುರುಳಿದೆ.

ಅಲಾಸ್ಕಾ ಬರೀ ಒಂದು ಅಂಕಿಯನ್ನು ನಂಬಿ ಕುಳಿತಿಲ್ಲ ಎಂಬುದು ಇಲ್ಲಿ ಗಮನಾರ್ಹ. ಬಾಣ ಕನಿಷ್ಠ 20 ಅಂಗುಲ ಉದ್ದ, 300 ಗ್ರೇನ್ ತೂಕ ಇರಬೇಕು. ದೊಡ್ಡ ಪ್ರಾಣಿಗಳ ಬೇಟೆಗೆ ಹೊರಡುವ ಬಿಲ್ಲುಗಾರ ತರಬೇತಿಯ ಪ್ರಮಾಣಪತ್ರ ಹೊಂದಿರಬೇಕು. ಬಾಣದ ತೂಕ ಮತ್ತು ಬಿಲ್ಲುಗಾರನ ಕೌಶಲ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಮಾರ್ಗ ಹೆಚ್ಚು ವಿವೇಕದ್ದು. ಇನ್ನೊಂದು ತುದಿಯಲ್ಲಿ ಬ್ರಿಟನ್ ಇದೆ. ಅಲ್ಲಿನ 1981ರ ವನ್ಯಜೀವಿ ಕಾಯ್ದೆ ಕಾಡುಪ್ರಾಣಿಗಳನ್ನು ಬಿಲ್ಲಿನಿಂದ ಕೊಲ್ಲುವುದನ್ನೇ ನಿಷೇಧಿಸಿ, ಅಳತೆಯ ಗೊಡವೆಯನ್ನೇ ಇಟ್ಟುಕೊಂಡಿಲ್ಲ.

ಭಾರತದ ನಿಲುವು

ಭಾರತದ್ದೂ ನಿಷೇಧದ ಹಾದಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಯುಧಗಳ ವ್ಯಾಖ್ಯೆಯಲ್ಲಿ ಬಿಲ್ಲುಬಾಣಗಳ ಹೆಸರು ಸ್ಪಷ್ಟವಾಗಿದೆ. ಅವುಗಳ ಬಲದ ಮಾತಿಲ್ಲ. 1991ರ ತಿದ್ದುಪಡಿ ಪರವಾನಗಿ ಬೇಟೆಯ ಬಾಗಿಲನ್ನೂ ಮುಚ್ಚಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನರ ಸಾಂಪ್ರದಾಯಿಕ ಹಕ್ಕುಗಳನ್ನು ಮಾನ್ಯ ಮಾಡಿದರೂ ಬೇಟೆಯ ಹಕ್ಕನ್ನು ಹೊರಗಿಟ್ಟಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಪಡೆದ ಸಮುದಾಯ ಹಕ್ಕುಗಳಿಗೂ ಇದೇ ಎಲ್ಲೆ. ಕಾಯ್ದೆಯ 65ನೇ ಕಲಮು ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡಗಳ ಬೇಟೆಯ ಹಕ್ಕನ್ನು ಮಾತ್ರ ಉಳಿಸಿದೆ.

ಬೇಟೆಗೆ ಅವಕಾಶ ಕೊಟ್ಟ ಸರಕಾರ ಪ್ರಾಣಿಯ ನೋವಿಗೂ ಹೊಣೆಯಾಗುತ್ತದೆ. ಆ ಹೊಣೆಯನ್ನು ತಕ್ಕಡಿಯ ಮುಳ್ಳಿಗೆ ಬಿಟ್ಟುಕೊಡುವುದು ಸುಲಭ. ತಪಾಸಣೆಗೆ ಬರುವ ಅಧಿಕಾರಿಗೂ ಅನುಕೂಲ. ಆದರೆ ತಕ್ಕಡಿ ತೂಗುವುದು ಬಿಲ್ಲನ್ನು ಮಾತ್ರ. ಹರಿತವಿಲ್ಲದ ಅಲಗು, ಅತಿ ದೂರದ ಹೊಡೆತ, ಅಭ್ಯಾಸವಿಲ್ಲದ ಕೈ ಇವು ಯಾವುವೂ ಅದರಲ್ಲಿ ತೂಗುವುದಿಲ್ಲ. ಕನಿಷ್ಠ ಬಲದ ನಿಯಮ ಇರಲಿ. ಸೆಳೆತದ ಉದ್ದ, ಬಾಣದ ತೂಕ ಮತ್ತು ಕಡ್ಡಾಯ ತರಬೇತಿ ಅದರ ಜತೆಗೂಡದಿದ್ದರೆ, ಕಾನೂನು ಪಾಲನೆಯಾದರೂ ಪ್ರಾಣಿಯ ನರಳಾಟ ತಪ್ಪದು.